ಕೊಳಲು ನುಡಿಸಿದ ಪ್ಯಾರಿಸ್ ಗೊಂಬೆಗೂ ಸೂರತ್ ಸೀರೆಗೂ ಏನು ನಂಟು? ತಾನಾಗಿಯೇ ಹಾಡುವ ಯಂತ್ರಗಳ ಕಥೆ

ಗುಜರಾತಿನ ಸೂರತ್‌ನಲ್ಲಿ ಹಳೆಯ ಪೇಟೆಯಿಂದ ತಾಪಿ ನದಿ ದಾಟಿದರೆ ಅಡಾಜಣ್ ಸಿಗುತ್ತದೆ. ಇಲ್ಲಿನ ಯಾವುದೇ ಸೀರೆ ಅಂಗಡಿಗೆ ಹೋದರೂ ಸೆರಗಿನಲ್ಲಿ ನವಿಲು, ಮಾವಿನಕಾಯಿ, ಬಳ್ಳಿಯ ನೇಯ್ಗೆ ಇರುವ ಸೀರೆಗಳನ್ನು ಬಿಚ್ಚಿ ತೋರಿಸುತ್ತಾರೆ. ಒಂದೇ ನವಿಲು ನೂರು ಸೀರೆಗಳಲ್ಲಿ ಒಂದೆಳೆಯೂ ಆಚೀಚೆ ಆಗದೆ ಮೂಡಿರುತ್ತದೆ. ಮಗ್ಗಕ್ಕೆ ಆ ನವಿಲು ನೆನಪಿರುವುದಾದರೂ ಹೇಗೆ?

ಈ ಪ್ರಶ್ನೆಯ ಬೆನ್ನು ಹತ್ತಿದರೆ ದಾರಿ ಹೋಗಿ ತಲುಪುವುದು 18ನೇ ಶತಮಾನದ ಫ್ರಾನ್ಸ್‌ಗೆ. ಅಲ್ಲಿ ಒಂದು ಮರದ ಗೊಂಬೆ ಕೊಳಲು ನುಡಿಸುತ್ತಿತ್ತು. ಅದನ್ನು ಮಾಡಿದವರೇ ಮುಂದೆ ರೇಷ್ಮೆ ಮಗ್ಗಕ್ಕೂ ಕೈ ಹಾಕಿದರು. ಹಾಡಿನ ಯಂತ್ರ ಮತ್ತು ನೇಯ್ಗೆಯ ಯಂತ್ರ ಎರಡೂ ಒಂದೇ ಉಪಾಯದ ಮಕ್ಕಳು. ಈ ಕಥೆಯಲ್ಲಿ ನಮ್ಮ ಶ್ರೀರಂಗಪಟ್ಟಣದ ಹುಲಿಯೊಂದಕ್ಕೂ ಪಾತ್ರವಿದೆ.

ಉಸಿರಾಡುವ ಗೊಂಬೆ

ಜಾಕ್ ದ ವೊಕಾನ್ಸನ್ 1709ರಲ್ಲಿ ಫ್ರಾನ್ಸ್‌ನ ಗ್ರೆನೋಬ್ಲ್‌ನಲ್ಲಿ ಹುಟ್ಟಿದವರು. ತಂದೆ ಕೈಗವಸು ಮಾಡುವ ಕಸುಬುದಾರ. 1738ರಲ್ಲಿ ವೊಕಾನ್ಸನ್ ಪ್ಯಾರಿಸ್‌ನಲ್ಲಿ ಆಳೆತ್ತರದ ಒಂದು ಗೊಂಬೆಯನ್ನು ಪ್ರದರ್ಶನಕ್ಕಿಟ್ಟರು. ಅದರ ಕೈಯಲ್ಲಿ ಕೊಳಲಿತ್ತು. ಗೊಂಬೆ ಒಂದಾದ ಮೇಲೊಂದರಂತೆ 12 ರಾಗಗಳನ್ನು ನುಡಿಸುತ್ತಿತ್ತು.

ಒಳಗೆ ಬೇರೆ ವಾದ್ಯ ಬಚ್ಚಿಟ್ಟಿದ್ದಾರೆ ಎಂದು ಜನ ಅನುಮಾನಪಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಗೊಂಬೆ ನಿಜವಾಗಿಯೂ ಊದುತ್ತಿತ್ತು. ಒಳಗಿದ್ದ 9 ತಿದಿಗಳು ಮೂರು ಬಗೆಯ ಒತ್ತಡದಲ್ಲಿ ಗಾಳಿ ತಳ್ಳುತ್ತಿದ್ದವು. ತುಟಿ ಹಿಂದೆ ಮುಂದೆ ಸರಿಯುತ್ತಿತ್ತು, ನಾಲಿಗೆ ಗಾಳಿಯನ್ನು ತಡೆದು ಬಿಡುತ್ತಿತ್ತು. ಬೆರಳ ತುದಿಗೆ ಚರ್ಮ ಹೊದಿಸಿದ್ದರಿಂದ ಕೊಳಲಿನ ತೂತುಗಳು ಸರಿಯಾಗಿ ಮುಚ್ಚಿಕೊಳ್ಳುತ್ತಿದ್ದವು. ಕೊಳಲು ಕಲಿತವರಿಗೆ ಇದು ಎಷ್ಟು ಕಷ್ಟದ ಕೆಲಸ ಎಂದು ಗೊತ್ತು. ಕೊಳಲಿನಲ್ಲಿ ಬೆರಳಿಗಿಂತ ತುಟಿಯ ಕೆಲಸವೇ ಸೂಕ್ಷ್ಮ.

ಗೊಂಬೆಯ ಮಿದುಳು ಎನ್ನಬಹುದಾದದ್ದು ಒಂದು ಮರದ ಉರುಳೆ. ಅದರ ಮೈತುಂಬ ಸಣ್ಣ ಮೊಳೆಗಳು. ಉರುಳೆ ತಿರುಗಿದಂತೆ ಪ್ರತಿ ಮೊಳೆ ಒಂದು ಸನ್ನೆಕೋಲನ್ನು ಎತ್ತುತ್ತದೆ. ಒಂದು ಸನ್ನೆ ಬೆರಳನ್ನು, ಇನ್ನೊಂದು ತುಟಿಯನ್ನು, ಮತ್ತೊಂದು ಗಾಳಿಯ ಬಾಗಿಲನ್ನು ಅಲ್ಲಾಡಿಸುತ್ತದೆ. ಮೊಳೆ ಎಲ್ಲಿದೆ ಎಂಬುದೇ ಸ್ವರ, ಎಷ್ಟು ಉದ್ದವಿದೆ ಎಂಬುದೇ ಕಾಲ. ಅಂದರೆ ಇಡೀ ರಾಗವನ್ನು ಮರದ ಮೇಲೆ ಬರೆದಿಟ್ಟಂತೆ.

ವೊಕಾನ್ಸನ್ ಈ ಗೊಂಬೆಯ ವಿವರಗಳನ್ನು ಫ್ರಾನ್ಸ್‌ನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಬಳಿಕ ಅವರು ಪೀಪಿ ಊದುತ್ತ ಡೋಲು ಬಾರಿಸುವ ಇನ್ನೊಂದು ಗೊಂಬೆಯನ್ನೂ, ಕಾಳು ತಿಂದು ಹಿಕ್ಕೆ ಹಾಕುವ ಬಾತುಕೋಳಿಯನ್ನೂ ಮಾಡಿದರು. ಬಾತುಕೋಳಿಯ ಜೀರ್ಣಶಕ್ತಿ ಬರೀ ಕಣ್ಕಟ್ಟು ಎಂಬುದು ಆಮೇಲೆ ಬಯಲಾಯಿತು. ಕೊಳಲುಗಾರನಲ್ಲಿ ಮಾತ್ರ ಮೋಸವಿರಲಿಲ್ಲ. ಈ ಮೂರೂ ಗೊಂಬೆಗಳು ಇಂದು ಉಳಿದಿಲ್ಲ.

ಉಪಾಯ ಫ್ರಾನ್ಸ್‌ನದ್ದೇ?

ಇಲ್ಲ. ಮೊಳೆ ಚುಚ್ಚಿದ ಉರುಳೆಯ ಕಲ್ಪನೆ ಅದಕ್ಕಿಂತ ಬಹಳ ಹಳೆಯದು. 9ನೇ ಶತಮಾನದ ಬಾಗ್ದಾದ್‌ನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರು ತಾನಾಗಿ ನುಡಿಯುವ ಕೊಳಲಿನ ಯಂತ್ರವನ್ನು ವಿವರಿಸಿದ್ದಾರೆ. 13ನೇ ಶತಮಾನದ ಆರಂಭದಲ್ಲಿ ಅಲ್ ಜಝರಿ ದೋಣಿಯಲ್ಲಿ ಕೂತು ವಾದ್ಯ ನುಡಿಸುವ ಗೊಂಬೆಗಳ ಬಗ್ಗೆ ಬರೆದರು.

ಭಾರತದಲ್ಲೂ ಇಂಥ ಯಂತ್ರಗಳ ಪ್ರಸ್ತಾಪವಿದೆ. 11ನೇ ಶತಮಾನದ ಧಾರಾನಗರಿಯ ಭೋಜರಾಜನ ಹೆಸರಿನಲ್ಲಿರುವ ‘ಸಮರಾಂಗಣ ಸೂತ್ರಧಾರ’ ಎಂಬ ವಾಸ್ತು ಗ್ರಂಥದಲ್ಲಿ ಯಂತ್ರಗಳಿಗೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಫ್ರಾನ್ಸ್‌ನ ಕಸುಬುದಾರರು ಮಾಡಿದ್ದು ಹಳೆಯ ಉಪಾಯವನ್ನು ಗಡಿಯಾರದಷ್ಟು ಕರಾರುವಾಕ್ಕಾಗಿಸಿದ್ದು, ಆಮೇಲೆ ಅದನ್ನೇ ಒಂದು ಉದ್ಯಮವಾಗಿ ಬೆಳೆಸಿದ್ದು.

ಯುರೋಪಿನ ಇಂಥ ವಿಸ್ಮಯದ ಸಾಮಾನುಗಳು ಭಾರತಕ್ಕೆ ಬಂದಿಳಿಯುತ್ತಿದ್ದ ಬಾಗಿಲು ಸೂರತ್ ಎಂಬುದನ್ನೂ ಇಲ್ಲಿ ನೆನೆಯಬೇಕು. 1615ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಹಡಗಿನಿಂದ ಇಳಿದದ್ದು ಸೂರತ್ ಬಳಿಯ ಸುವಾಲಿಯಲ್ಲಿ. ಬಾದಶಹ ಜಹಾಂಗೀರನಿಗೆ ಕೊಡಲು ತಂದ ಉಡುಗೊರೆಗಳಲ್ಲಿ ಒಂದು ಕುದುರೆ ಸಾರೋಟು, ಜತೆಗೆ ಪಿಯಾನೋದ ಪೂರ್ವಜ ಎನ್ನಬಹುದಾದ ವರ್ಜಿನಲ್ ವಾದ್ಯ ಇದ್ದವು. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಭಾರತದಲ್ಲಿ ತನ್ನ ಮೊದಲ ಕೋಠಿಯನ್ನು 1668ರಲ್ಲಿ ತೆರೆದದ್ದೂ ಸೂರತ್‌ನಲ್ಲಿಯೇ.

ಶ್ರೀರಂಗಪಟ್ಟಣದ ಹುಲಿ: ಹಾಡುತ್ತದೆ, ಆದರೆ ಹಾಡು ನೆನಪಿಲ್ಲ

ಭಾರತದ ಅತಿ ಹೆಸರುವಾಸಿಯಾದ ಸಂಗೀತ ಯಂತ್ರ ಯಾವುದು ಎಂದರೆ ಉತ್ತರ ನಮ್ಮ ನೆಲದಲ್ಲೇ ಇದೆ. ಅದು ಟಿಪ್ಪುವಿನ ಹುಲಿ. ಸುಮಾರು 1793ರಲ್ಲಿ ಟಿಪ್ಪು ಸುಲ್ತಾನನಿಗಾಗಿ ಮಾಡಿದ, ಬಣ್ಣ ಬಳಿದ ಮರದ ಗೊಂಬೆ. ಉದ್ದ ಸುಮಾರು 178 ಸೆಂಟಿಮೀಟರ್. ಅಂಗಾತ ಬಿದ್ದ ಯುರೋಪಿಯನ್ ಒಬ್ಬನ ಮೇಲೆ ಹುಲಿ ಎರಗಿ ಕತ್ತಿಗೆ ಬಾಯಿ ಹಾಕಿದೆ.

ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ತುಂಬಿಕೊಳ್ಳುತ್ತವೆ. ಹುಲಿ ಗುರ್ ಎನ್ನುತ್ತದೆ, ಕೆಳಗೆ ಬಿದ್ದವನು ನರಳುತ್ತಾನೆ, ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಹೊಟ್ಟೆಯ ಒಂದು ಬದಿಗೆ ಮುಚ್ಚಳವಿದೆ. ಅದನ್ನು ತೆರೆದರೆ ದಂತದ ಗುಂಡಿಗಳಿರುವ, 18 ಸ್ವರಗಳ ಪುಟ್ಟ ಆರ್ಗನ್ ಕಾಣುತ್ತದೆ. ಅದರಲ್ಲಿ ಬೇಕಾದ ರಾಗ ನುಡಿಸಬಹುದು.

ಇದರ ಮರದ ಕೆತ್ತನೆ ಮತ್ತು ಬಣ್ಣ ಮೈಸೂರು ಸೀಮೆಯ ಕುಶಲಕರ್ಮಿಗಳದ್ದು. ಒಳಗಿನ ಆರ್ಗನ್‌ನಲ್ಲಿ ಫ್ರೆಂಚ್ ಕೈವಾಡವಿರಬಹುದು ಎಂಬುದು ತಜ್ಞರಲ್ಲಿ ಬಹುಕಾಲದಿಂದ ಇರುವ ಊಹೆ. ಊಹೆಗೆ ಆಧಾರವೂ ಇದೆ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಫ್ರಾನ್ಸ್ ತಲುಪಿ ವರ್ಸೇಲ್ಸ್‌ನಲ್ಲಿ 16ನೇ ಲೂಯಿ ದೊರೆಯನ್ನು ಕಂಡರು. ಸುಲ್ತಾನ ಕೇಳಿದ್ದು ಬರೀ ಸೈನ್ಯದ ನೆರವನ್ನಲ್ಲ, ಕುಶಲಕರ್ಮಿಗಳನ್ನೂ ಕೇಳಿದ್ದ. ನಿಯೋಗ ಮರುವರ್ಷ ಮರಳಿದಾಗ ಕೆಲವು ಫ್ರೆಂಚ್ ಕಸುಬುದಾರರು ಜತೆಗೆ ಬಂದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದ. ಅರಮನೆಯಲ್ಲಿ ವಾದ್ಯಗಳನ್ನು ಇರಿಸಿದ್ದ ಕೋಣೆಯಲ್ಲಿ ಈ ಹುಲಿ ಬ್ರಿಟಿಷರ ಕೈಗೆ ಸಿಕ್ಕಿತು. ಅಲ್ಲಿಂದ ಲಂಡನ್‌ಗೆ ಹೋಗಿ, 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಕೂತಿತು. ನೋಡಲು ಬಂದವರೆಲ್ಲ ಹಿಡಿಕೆ ತಿರುಗಿಸುತ್ತಿದ್ದರು. ಅದೇ ಕಟ್ಟಡದ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ಹುಲಿಯ ಗರ್ಜನೆ ದೊಡ್ಡ ಕಾಟವಾಗಿತ್ತು. ಈಗ ಅದು ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ ಚಾವಣಿ ಕುಸಿದು ಹುಲಿಯ ಮರದ ಮೈ ನೂರಾರು ಚೂರಾಗಿತ್ತು. ಎಲ್ಲವನ್ನೂ ಜೋಡಿಸಿ 1947ರ ಹೊತ್ತಿಗೆ ಮತ್ತೆ ಪ್ರದರ್ಶನಕ್ಕೆ ಇಟ್ಟರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಟಿಪ್ಪುವಿನ ಹುಲಿಯಲ್ಲಿ ಮೊಳೆಯ ಉರುಳೆ ಇಲ್ಲ. ಗರ್ಜನೆ, ನರಳಾಟವೇನೋ ಹಿಡಿಕೆಯಿಂದ ಬರುತ್ತದೆ. ಆದರೆ ರಾಗ ಬೇಕೆಂದರೆ ಮನುಷ್ಯನೇ ಗುಂಡಿ ಒತ್ತಬೇಕು. ವೊಕಾನ್ಸನ್‌ನ ಗೊಂಬೆಗೆ ಹಾಡು ನೆನಪಿತ್ತು, ಹುಲಿಗೆ ನೆನಪಿಲ್ಲ. ಮಗ್ಗದ ಕಥೆಗೆ ಬೇಕಾಗಿರುವುದು ಈ ‘ನೆನಪು’ ಎಂಬ ಅಂಶವೇ.

ಆರ್ಗನ್‌ನಿಂದ ಮಗ್ಗಕ್ಕೆ

ಹೂವು, ಬಳ್ಳಿ ಇರುವ ರೇಷ್ಮೆ ಬಟ್ಟೆ ನೇಯುವುದು ಹಿಂದೆ ಇಬ್ಬರ ಕೆಲಸವಾಗಿತ್ತು. ನೇಕಾರ ಲಾಳಿ ಎಸೆದು ಹೊಕ್ಕು ಹಾಕುತ್ತಿದ್ದ. ಇನ್ನೊಬ್ಬ, ಹೆಚ್ಚಾಗಿ ಒಬ್ಬ ಹುಡುಗ, ಪ್ರತಿ ಸಾಲಿಗೂ ಹಾಸಿನ ಯಾವ ಎಳೆಗಳು ಮೇಲೇಳಬೇಕೋ ಅವುಗಳ ದಾರ ಎಳೆಯುತ್ತಿದ್ದ. ಫ್ರಾನ್ಸ್‌ನ ಲಿಯಾನ್, ನಮ್ಮ ಬನಾರಸ್‌ನಂಥ ಎಲ್ಲ ಜರತಾರಿ ನೇಯ್ಗೆಯ ಊರುಗಳಲ್ಲೂ ಮಗ್ಗ ನಡೆದದ್ದು ಈ ಕ್ರಮದಲ್ಲೇ. ಒಂದು ದಾರ ತಪ್ಪಿದರೂ ಹೂವು ಕೆಟ್ಟಂತೆ.

1725ರಲ್ಲಿ ಲಿಯಾನ್‌ನ ಬಾಸೀಲ್ ಬೂಶೋಂ ಎಂಬುವರು ಒಂದು ಉಪಾಯ ಹುಡುಕಿದರು. ತೂತು ಹಾಕಿದ ಕಾಗದದ ಸುರುಳಿಯನ್ನು ಸೂಜಿಗಳ ಮುಂದೆ ಹಿಡಿದರೆ, ತೂತು ಇರುವಲ್ಲಿ ಸೂಜಿ ಒಳಗೆ ಹೋಗುತ್ತದೆ, ಇಲ್ಲದಿರುವಲ್ಲಿ ನಿಲ್ಲುತ್ತದೆ. ಯಾವ ಎಳೆ ಏಳಬೇಕು ಎಂಬುದನ್ನು ಕಾಗದವೇ ಹೇಳುತ್ತದೆ. ಬೂಶೋಂ ಅವರ ತಂದೆ ಆರ್ಗನ್ ತಯಾರಕರಾಗಿದ್ದರು. ಉರುಳೆಯ ಮೇಲೆ ಮೊಳೆ ಎಲ್ಲಿ ಚುಚ್ಚಬೇಕು ಎಂದು ಲೆಕ್ಕ ಹಾಕುವ ಕಸುಬಿನ ಮನೆಯಲ್ಲಿ ಬೆಳೆದವರಿಗೆ, ಬಟ್ಟೆಯ ಹೂವನ್ನೂ ಹಾಗೆಯೇ ಬರೆದಿಡಬಹುದು ಎಂದು ಹೊಳೆದದ್ದು ಸಹಜವೇ. ಕೆಲವೇ ವರ್ಷಗಳಲ್ಲಿ ಫಾಲ್ಕೋನ್ ಎಂಬುವರು ಸುರುಳಿಯ ಬದಲು ಒಂದಕ್ಕೊಂದು ಪೋಣಿಸಿದ ರಟ್ಟಿನ ಕಾರ್ಡುಗಳನ್ನು ತಂದರು.

1741ರಲ್ಲಿ ಫ್ರಾನ್ಸ್ ಸರ್ಕಾರ ವೊಕಾನ್ಸನ್ ಅವರನ್ನು ರೇಷ್ಮೆ ಉದ್ಯಮದ ಇನ್‌ಸ್ಪೆಕ್ಟರ್ ಆಗಿ ನೇಮಿಸಿತು. ಗೊಂಬೆ ಮಾಡಿದವರಿಗೆ ಮಗ್ಗದ ಉಸ್ತುವಾರಿ ಸಿಕ್ಕಿತು. 1745ರಲ್ಲಿ ಅವರು ತಾನಾಗಿ ನೇಯುವ ಮಗ್ಗವನ್ನು ರೂಪಿಸಿದರು. ಅದರ ನೆತ್ತಿಯ ಮೇಲೆ ಕೂತದ್ದು, ಕೊಳಲುಗಾರ ಗೊಂಬೆಯ ಹೊಟ್ಟೆಯಲ್ಲಿದ್ದಂಥದ್ದೇ ಒಂದು ತಿರುಗುವ ಉರುಳೆ. ಈ ಬಾರಿ ಮೊಳೆಯ ಬದಲು ತೂತು.

ಲಿಯಾನ್ ನೇಕಾರರಿಗೆ ಇದೆಲ್ಲ ಆಟಿಕೆಯಾಗಿ ಕಾಣಲಿಲ್ಲ. ಉದ್ಯಮಕ್ಕೆ ವೊಕಾನ್ಸನ್ ತರಹೊರಟ ಹೊಸ ಕಟ್ಟಳೆಗಳ ವಿರುದ್ಧ 1744ರಲ್ಲೇ ಅಲ್ಲಿ ದಂಗೆ ಎದ್ದಿತ್ತು, ಅವರು ಊರು ಬಿಟ್ಟು ಓಡಬೇಕಾಗಿ ಬಂದಿತ್ತು. ಅವರ ಮಗ್ಗ ಬಳಕೆಗೆ ಬರದೆ ಪ್ಯಾರಿಸ್‌ನ ಸಂಗ್ರಹಾಲಯ ಸೇರಿತು.

ಅರ್ಧ ಶತಮಾನದ ಮೇಲೆ ಅದೇ ಸಂಗ್ರಹಾಲಯದಲ್ಲಿ ಆ ಮಗ್ಗವನ್ನು ನೋಡಿ ಕಲಿತವರು ಲಿಯಾನ್‌ನ ಜೋಸೆಫ್ ಮರಿ ಜಕಾರ್. ಬೂಶೋಂ ಅವರ ತೂತು, ಫಾಲ್ಕೋನ್ ಅವರ ರಟ್ಟು, ವೊಕಾನ್ಸನ್ ಅವರ ಯಂತ್ರ ಮೂರನ್ನೂ ಸೇರಿಸಿ 1804ರ ಹೊತ್ತಿಗೆ ಅವರು ಸಿದ್ಧಪಡಿಸಿದ್ದೇ ‘ಜಕಾರ್ಡ್’. 1812ರ ವೇಳೆಗೆ ಫ್ರಾನ್ಸ್‌ನಲ್ಲಿ ಸುಮಾರು 11,000 ಜಕಾರ್ಡ್ ಮಗ್ಗಗಳಿದ್ದವು ಎನ್ನಲಾಗಿದೆ. ಇಂದು ಸೂರತ್‌ನಿಂದ ಬನಾರಸ್‌ವರೆಗೆ, ಕರ್ನಾಟಕದ ರೇಷ್ಮೆ ಮಗ್ಗಗಳಲ್ಲೂ ನೇಕಾರರ ಬಾಯಲ್ಲಿರುವ ಪದ ಇದೇ.

ಜಕಾರ್ ಅವರ ಭಾವಚಿತ್ರವನ್ನೇ 1839ರಲ್ಲಿ ರೇಷ್ಮೆಯಲ್ಲಿ ನೇಯಲಾಯಿತು. ಅದಕ್ಕೆ ಬೇಕಾದ ಕಾರ್ಡುಗಳು ಸುಮಾರು 24,000. ಅದರ ಒಂದು ಪ್ರತಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅವರ ಮನೆಯಲ್ಲಿತ್ತು. ಕಂಪ್ಯೂಟರ್‌ನ ಮೂಲಪುರುಷ ಎನ್ನಿಸಿಕೊಂಡ ಬ್ಯಾಬೇಜ್, ತಮ್ಮ ಲೆಕ್ಕದ ಯಂತ್ರಕ್ಕೆ ಆದೇಶ ಕೊಡಲು ಯೋಚಿಸಿದ್ದೂ ಇದೇ ತೂತಿನ ಕಾರ್ಡನ್ನು.

ಪ್ಯಾರಿಸ್‌ನ ಗೊಂಬೆ ಮನೆಗಳು

ಮಗ್ಗ ತನ್ನ ದಾರಿ ಹಿಡಿದರೆ, ಹಾಡುವ ಗೊಂಬೆಗಳು ತಮ್ಮ ದಾರಿಯಲ್ಲಿ ಬೆಳೆದವು. 18ನೇ ಶತಮಾನದಲ್ಲಿ ಇವು ರಾಜರ ವಸ್ತು. 1784ರಲ್ಲಿ ಜರ್ಮನಿಯ ಪೀಟರ್ ಕಿಂಟ್ಸಿಂಗ್ ಮತ್ತು ಡೇವಿಡ್ ರಾಂಟ್ಗೆನ್ ಸೇರಿ ಮಾಡಿದ, ಸಂತೂರ್‌ನಂಥ ವಾದ್ಯವನ್ನು ಬಡಿಗೆಯಿಂದ ನುಡಿಸುವ ಹೆಣ್ಣುಗೊಂಬೆ ಫ್ರಾನ್ಸ್ ರಾಣಿ ಮರಿ ಆಂಟ್ವನೆಟ್ ಕೈ ಸೇರಿತು. 8 ರಾಗ ನುಡಿಸುವ ಈ ಗೊಂಬೆ ಇಂದಿಗೂ ಪ್ಯಾರಿಸ್‌ನ ಮ್ಯೂಸಿಯಂನಲ್ಲಿದೆ. 19ನೇ ಶತಮಾನದಲ್ಲಿ ಅದನ್ನು ದುರಸ್ತಿ ಮಾಡಿದವರು ಗಡಿಯಾರ ಕಸುಬಿನಿಂದ ಬಂದ ಜಾದೂಗಾರ ರಾಬರ್ ಹೂದಿನ್.

1860ರ ಬಳಿಕ ಕಾಲ ಬದಲಾಯಿತು. ಅಲ್ಲಿಂದ ಸುಮಾರು 50 ವರ್ಷ ಪ್ಯಾರಿಸ್‌ನ ಕೆಲವೇ ಬೀದಿಗಳು ಜಗತ್ತಿನ ಕೀಲುಗೊಂಬೆಗಳ ರಾಜಧಾನಿಯಾಗಿದ್ದವು. ಈಗ ಹಳೆಯ ಫ್ರೆಂಚ್ ಗೊಂಬೆ ಎಂದರೆ ಸಂಗ್ರಾಹಕರ ಬಾಯಲ್ಲಿ ಬರುವ ಹೆಸರುಗಳು ಹೀಗಿವೆ:

ಬೋಂತಾಂ: ಬ್ಲೇಸ್ ಬೋಂತಾಂ ಕಟ್ಟಿದ ಮನೆತನ. ಪಂಜರದಲ್ಲಿ ಹಾಡುವ ಹಕ್ಕಿಗಳಿಗೆ ಹೆಸರುವಾಸಿ. 1960ರಲ್ಲಿ ಸ್ವಿಟ್ಜರ್ಲೆಂಡಿನ ರ್‍ಯೂಜ್ ಕಂಪನಿ ಇದನ್ನು ಕೊಂಡಿತು.

ವಿಶಿ: ಗುಸ್ತಾವ್ ವಿಶಿ ಅವರ ಗೊಂಬೆಗಳಲ್ಲಿ ಮುಖಭಾವವೇ ಮುಖ್ಯ. ವಿದೂಷಕರು, ವಾದ್ಯಗಾರರು, ಬೀದಿ ಆಟದವರು ಹೆಚ್ಚು.

ರೂಲೆ ಮತ್ತು ದಕಾಂ: ಜಾನ್ ರೂಲೆ ಶುರು ಮಾಡಿ, ಅಳಿಯ ಅರ್ನೆಸ್ಟ್ ದಕಾಂ ಬೆಳೆಸಿದ ಅಂಗಡಿ. ಪ್ರಾಣಿಗಳು, ಅಂಗಡಿ ಕಿಟಕಿಯಲ್ಲಿಡುವ ಜಾಹೀರಾತು ಗೊಂಬೆಗಳು ಇವರ ವಿಶೇಷ.

ಲಾಂಬೇರ್: ಲಿಯೊಪೋಲ್ಡ್ ಲಾಂಬೇರ್ ಮೊದಲು ವಿಶಿ ಬಳಿ ಕೆಲಸ ಮಾಡಿ ಆಮೇಲೆ ಸ್ವಂತ ಅಂಗಡಿ ಇಟ್ಟವರು. ಗೊಂಬೆಗಳ ಬಟ್ಟೆ ಹೊಲಿಯುವ ಕೆಲಸ ಅವರ ಪತ್ನಿಯದ್ದು.

ಈ ಗೊಂಬೆಗಳು ಒಬ್ಬರ ಕೈಯಲ್ಲಿ ಆಗುತ್ತಿರಲಿಲ್ಲ. ಪಿಂಗಾಣಿಯ ತಲೆ ಹಲವು ಬಾರಿ ಜ್ಯುಮೋ ಎಂಬ ಪ್ರಸಿದ್ಧ ಗೊಂಬೆ ತಯಾರಕರಿಂದ ಬರುತ್ತಿತ್ತು, ಸಂಗೀತದ ಪೆಟ್ಟಿಗೆ ಸ್ವಿಟ್ಜರ್ಲೆಂಡಿನಿಂದ ಬರುತ್ತಿತ್ತು. ರೇಷ್ಮೆ, ಲೇಸು, ಕೂದಲು, ಗಾಜಿನ ಕಣ್ಣು ಎಲ್ಲಕ್ಕೂ ಬೇರೆ ಬೇರೆ ಕಸುಬುದಾರರಿದ್ದರು.

ಒಳಗೆ ಏನಿದೆ, ಹೇಗೆ ಹಾಡುತ್ತದೆ?

ಕೀ ಕೊಟ್ಟಾಗ ಉಕ್ಕಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವಾಗ ಚಕ್ರಗಳು ತಿರುಗುತ್ತವೆ. ಒಮ್ಮೆಲೇ ಬಿಚ್ಚಿಕೊಳ್ಳದಂತೆ ಕೊನೆಯಲ್ಲಿ ಒಂದು ಪುಟ್ಟ ಬೀಸಣಿಗೆ ಗಾಳಿಯನ್ನು ಒದ್ದು ವೇಗವನ್ನು ಹಿಡಿತದಲ್ಲಿಡುತ್ತದೆ.

ಸಂಗೀತ ಎರಡು ರೀತಿಯಲ್ಲಿ ಬರುತ್ತದೆ. ಒಂದು, ಹಿತ್ತಾಳೆಯ ಉರುಳೆಯ ಮೇಲಿನ ಮೊಳೆಗಳು ಉಕ್ಕಿನ ಬಾಚಣಿಗೆಯ ಹಲ್ಲುಗಳನ್ನು ಮೀಟುವುದು. ಪ್ರತಿ ಹಲ್ಲೂ ಒಂದು ಸ್ವರ. 1796ರಲ್ಲಿ ಜಿನೀವಾದ ಆಂಟ್ವನ್ ಫಾವ್ರ್ ಈ ದಾರಿ ತೋರಿದರು. ಎರಡನೆಯದು ಗಾಳಿಯದ್ದು. ಬೋಂತಾಂ ಹಕ್ಕಿಯಲ್ಲಿ ಅಂಗೈಯಗಲದ ತಿದಿಯೊಂದು ಸಣ್ಣ ಸೀಟಿಗೆ ಗಾಳಿ ಕೊಡುತ್ತದೆ. ಸೀಟಿಯೊಳಗೆ ಒಂದು ಕೊಂತ ಹಿಂದೆ ಮುಂದೆ ಸರಿದಂತೆ ಸ್ವರ ಏರಿಳಿಯುತ್ತದೆ. ಅಂಚಿನಲ್ಲಿ ಏರುತಗ್ಗು ಕೊರೆದ ಚಕ್ರಗಳು ಕೊಂತವನ್ನು, ಹಕ್ಕಿಯ ಕೊಕ್ಕನ್ನು, ಬಾಲವನ್ನು ಜತೆಜತೆಯಾಗಿ ಆಡಿಸುತ್ತವೆ. ಹಾರ್ಮೋನಿಯಂ ನೋಡಿದವರಿಗೆ ತಿದಿಯ ಕೆಲಸ ಬೇರೆ ಹೇಳಬೇಕಿಲ್ಲ. ಹಾರ್ಮೋನಿಯಂ ಕೂಡ ಪ್ಯಾರಿಸ್‌ನದ್ದೇ, 1840ರ ದಶಕದಲ್ಲಿ ಅಲೆಕ್ಸಾಂದ್ರ್ ದೆಬ್ಯಾಂ ಪೇಟೆಂಟ್ ಪಡೆದ ವಾದ್ಯ.

ಇನ್ನೊಂದು ಸ್ವಾರಸ್ಯವಿದೆ. ಇದಕ್ಕೂ ಹಿಂದೆ ಫ್ರಾನ್ಸ್‌ನಲ್ಲಿ ‘ಸೆರಿನೆಟ್’ ಎಂಬ ಕೈಯಲ್ಲಿ ತಿರುಗಿಸುವ ಪುಟ್ಟ ಆರ್ಗನ್ ಇತ್ತು. ಅದನ್ನು ಮಾಡುತ್ತಿದ್ದದ್ದು ಮನುಷ್ಯರು ಕೇಳಲಿ ಎಂದಲ್ಲ, ಸಾಕಿದ ಕೆನರಿ ಹಕ್ಕಿಗೆ ರಾಗ ಕಲಿಸಲು! ಯಂತ್ರ ಹಕ್ಕಿಗೆ ಪಾಠ ಹೇಳಿತು, ಮುಂದೆ ಯಂತ್ರವೇ ಹಕ್ಕಿಯಾಯಿತು.

19ನೇ ಶತಮಾನದ ಅಂಗಡಿ ಗೊಂಬೆಗಳಲ್ಲಿ ಬಹುಪಾಲು ನಿಜವಾಗಿ ನುಡಿಸುವುದಿಲ್ಲ. ಕೈಯಲ್ಲಿ ವಾದ್ಯ ಹಿಡಿದು ಬೆರಳು ಆಡಿಸುತ್ತವೆ, ಹಾಡು ಬರುವುದು ಪೀಠದೊಳಗಿನ ಪೆಟ್ಟಿಗೆಯಿಂದ. ವೊಕಾನ್ಸನ್‌ನ ಕೊಳಲುಗಾರ, ರಾಣಿಯ ಗೊಂಬೆ, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಇಂದಿಗೂ ಸುಸ್ಥಿತಿಯಲ್ಲಿರುವ ಜಾಕೆ ದ್ರೋ ಮನೆತನದ ‘ವಾದಕಿ’ ಇವು ನಿಜವಾಗಿ ನುಡಿಸುವ ಅಪರೂಪದ ಗುಂಪಿಗೆ ಸೇರಿದವು. ಜಾಕೆ ದ್ರೋ ವಾದಕಿಯ ಬೆರಳೇ ಆರ್ಗನ್‌ನ ಮನೆಗಳನ್ನು ಒತ್ತುತ್ತದೆ, ನುಡಿಸುವಾಗ ಎದೆ ಉಸಿರಾಡಿದಂತೆ ಏರಿಳಿಯುತ್ತದೆ.

ಮಗ್ಗದಿಂದ ಮರಳಿ ಸಂಗೀತಕ್ಕೆ

ಸಂಗೀತದಿಂದ ಮಗ್ಗಕ್ಕೆ ಹೋದ ಉಪಾಯ 19ನೇ ಶತಮಾನದ ಕೊನೆಗೆ ಮತ್ತೆ ಸಂಗೀತಕ್ಕೆ ಮರಳಿತು. ಜಾತ್ರೆ, ಸಂತೆಗಳಲ್ಲಿ ನುಡಿಸುವ ದೊಡ್ಡ ಆರ್ಗನ್‌ಗಳಿಗೆ ಮೊಳೆಯ ಉರುಳೆ ಬಹಳ ಭಾರ, ಬಹಳ ದುಬಾರಿ. ಒಂದು ಉರುಳೆಯಲ್ಲಿ ಹಿಡಿಸುವ ಹಾಡುಗಳೂ ಕೆಲವೇ. ಪ್ಯಾರಿಸ್‌ನ ಗಾವಿಯೊಲಿ ಕಂಪನಿ 1892ರಲ್ಲಿ ಉರುಳೆಯ ಜಾಗಕ್ಕೆ ತೂತು ಹಾಕಿದ ರಟ್ಟಿನ ಮಡಿಕೆ ಪುಸ್ತಕವನ್ನು ತಂದಿತು. ಹೊಸ ಹಾಡು ಬೇಕೆಂದರೆ ಹೊಸ ಪುಸ್ತಕ ಸಾಕು. ಅದು ನೋಡಲು ಜಕಾರ್ಡ್ ಕಾರ್ಡಿನ ಮಾಲೆಯಂತೆಯೇ ಇರುತ್ತದೆ.

ಗ್ರಾಮಫೋನ್, ರೇಡಿಯೊ ಬಂದ ಮೇಲೆ ಈ ಯಂತ್ರಗಳ ಬೇಡಿಕೆ ಕುಸಿಯಿತು. ಮೊದಲ ಮಹಾಯುದ್ಧದ ಬಳಿಕ ಪ್ಯಾರಿಸ್‌ನ ಗೊಂಬೆ ಮನೆಗಳ ವೈಭವವೂ ಮುಗಿಯಿತು. ಉಳಿದವು ಈಗ ಸಂಗ್ರಹಾಲಯಗಳಲ್ಲಿವೆ. ಅಮೆರಿಕದ ನ್ಯೂಜೆರ್ಸಿಯ ಮಾರಿಸ್ ಮ್ಯೂಸಿಯಂನಲ್ಲಿರುವ ಗಿನ್ನೆಸ್ ಸಂಗ್ರಹ ಒಂದರಲ್ಲೇ ಸುಮಾರು 750 ಸಂಗೀತ ಯಂತ್ರಗಳು ಮತ್ತು ಕೀಲುಗೊಂಬೆಗಳಿವೆ.

ಹಾಡನ್ನು ಚುಚ್ಚಿದವರು ಯಾರು?

ಇಂಥ ಯಂತ್ರಗಳನ್ನು ‘ತಾನಾಗಿ’ ನುಡಿಯುವವು ಎನ್ನುತ್ತೇವೆ. ಆದರೆ ಯಾವ ಯಂತ್ರವೂ ತಾನಾಗಿ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಯಾರೋ ಒಬ್ಬರು ಕೂತು, ಹಾಡು ಕೇಳಿ, ಅಳತೆ ಹಾಕಿ, ಒಂದೊಂದೇ ಮೊಳೆ ಚುಚ್ಚಿರುತ್ತಾರೆ. 1775ರಲ್ಲಿ ಫ್ರಾನ್ಸ್‌ನ ಪಾದ್ರಿ ಆಂಗ್ರಾಮೆಲ್ ಈ ಕಸುಬಿನ ಬಗ್ಗೆಯೇ ‘ತೊನೊತೆಕ್ನಿ’ ಎಂಬ ಪುಸ್ತಕ ಬರೆದರು. ಕಾಗದದ ಮೇಲಿನ ಸ್ವರಲಿಪಿಯಂತೆ ಮೊಳೆ ಚುಚ್ಚಿದರೆ ಹಾಡು ನಿರ್ಜೀವವಾಗುತ್ತದೆ, ವಾದಕರು ಸ್ವರವನ್ನು ಎಷ್ಟು ಹಿಡಿದು ಎಲ್ಲಿ ಬಿಡುತ್ತಾರೆ ಎಂಬುದನ್ನೂ ಅಳೆಯಬೇಕು ಎಂಬುದು ಅದರ ತಿರುಳು. ಅದರಿಂದಲೇ ಆ ಕಾಲದ ವಾದನ ಶೈಲಿ ಹೇಗಿತ್ತು ಎಂಬುದಕ್ಕೆ ಹಳೆಯ ಉರುಳೆಗಳು ಇಂದು ಸಾಕ್ಷಿ ಹೇಳುತ್ತವೆ.

ಮಗ್ಗದ ವಿಷಯವೂ ಇಷ್ಟೇ. ಬನಾರಸ್‌ನಲ್ಲಿ ವಿನ್ಯಾಸವನ್ನು ದಾರಗಳಲ್ಲಿ ಕಟ್ಟಿಡುವ ಕುಶಲಿಗಳನ್ನು ‘ನಕ್ಷಾಬಂದ್’ ಎನ್ನುತ್ತಿದ್ದರು. ಜಕಾರ್ಡ್ ಬಂದ ಮೇಲೆ ಚೌಕುಳಿ ಕಾಗದದಲ್ಲಿ ಹೂವು ಬರೆಯುವವರು, ಕಾರ್ಡಿಗೆ ತೂತು ಹೊಡೆಯುವವರು ಬಂದರು. ಸೂರತ್‌ನ ಹೊಸ ಎಲೆಕ್ಟ್ರಾನಿಕ್ ಜಕಾರ್ಡ್‌ಗಳಲ್ಲಿ ರಟ್ಟಿನ ಜಾಗಕ್ಕೆ ಕಂಪ್ಯೂಟರ್ ಫೈಲ್ ಬಂದಿದೆ. ಆದರೂ ಮೊದಲ ನವಿಲನ್ನು ಯಾರೋ ಒಬ್ಬರು ಬರೆಯಲೇಬೇಕು.

ಕರ್ನಾಟಕದ ನೇಕಾರರಿಗೆ ಇದು ಏಕೆ ಮುಖ್ಯ?

ಜಕಾರ್ಡ್ ಎಂದರೆ ಕೈಮಗ್ಗದ ಶತ್ರು ಎಂದು ತಿಳಿಯಬೇಕಿಲ್ಲ. ಕೈಮಗ್ಗದ ಮೇಲೂ ಜಕಾರ್ಡ್ ಪೆಟ್ಟಿಗೆ ಕೂರುತ್ತದೆ. ಆಗ ದಾರ ಎಳೆಯುವ ಹುಡುಗನ ಕೆಲಸ ಹೋಗುತ್ತದೆ, ನೇಕಾರರದ್ದು ಉಳಿಯುತ್ತದೆ. ವಿದ್ಯುತ್ ಮಗ್ಗ ಸೇರಿಕೊಂಡಾಗ ಲೆಕ್ಕವೇ ಬೇರೆ. ಒಂದು ಊರಿನ ನೇಕಾರರು ತಲೆಮಾರುಗಳಿಂದ ಬೆಳೆಸಿದ ವಿನ್ಯಾಸವನ್ನು ಇನ್ನೊಂದು ಊರಿನ ಯಂತ್ರಕ್ಕೆ ತುಂಬಿದರೆ, ಅದು ದಣಿಯದೆ ನೇಯುತ್ತಲೇ ಇರುತ್ತದೆ. ನೂಲು ರೇಷ್ಮೆಯ ಬದಲು ಪಾಲಿಯೆಸ್ಟರ್ ಆದರೆ ಬೆಲೆಯೂ ಹಲವು ಪಟ್ಟು ಇಳಿಯುತ್ತದೆ.

ಇಳಕಲ್ ಸೀರೆಯ ಸೆರಗನ್ನು ಒಡಲಿಗೆ ಜೋಡಿಸಲು ನೇಕಾರರು ಎಳೆಗೆ ಎಳೆ ಕೊಂಡಿ ಹಾಕುತ್ತಾರೆ. ಆ ಕೆಲಸಕ್ಕೆ ಹಿಡಿಯುವ ಹೊತ್ತು, ದುಡ್ಡಿನ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ಮೊಳಕಾಲ್ಮುರು ರೇಷ್ಮೆಯ ಕಥೆಯೂ ಇಂಥದ್ದೇ. ನೋಡಲು ಹಾಗೆಯೇ ಇರುವ ಅಗ್ಗದ ಸೀರೆ ಪಕ್ಕದಲ್ಲಿ ಬಂದು ಕೂತಾಗ ಕೊಳ್ಳುವವರಿಗೆ ವ್ಯತ್ಯಾಸ ತಿಳಿಯದಿದ್ದರೆ ನಷ್ಟ ನೇಕಾರರಿಗೆ. ಇನ್ನೊಂದು ಬದಿಯಲ್ಲಿ, ಹಬ್ಬಕ್ಕೆ ಹೊಸ ಸೀರೆ ಉಡುವ ಆಸೆ ಇರುವ, ಸಾವಿರಾರು ರೂಪಾಯಿ ಕೊಡಲಾಗದ ಮನೆಗಳಿಗೆ ಸೂರತ್ ಸೀರೆಯೇ ಆಧಾರ. ವಿದ್ಯುತ್ ಮಗ್ಗ ನಡೆಸುವ ಕಾರ್ಮಿಕರ ಹೊಟ್ಟೆಪಾಡೂ ಅದರಲ್ಲಿದೆ.

ಈ ತಿಕ್ಕಾಟಕ್ಕಾಗಿಯೇ ಕಾನೂನು ಬಂದಿದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ ಪ್ರಕಾರ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು. ಮೊದಲು 22 ಬಗೆಗಳಿದ್ದ ಪಟ್ಟಿಯಲ್ಲಿ ಈಗ ಉಳಿದಿರುವುದು 11. ಇಳಕಲ್, ಮೊಳಕಾಲ್ಮುರು ಸೀರೆಗಳಿಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಇದೆ.

ಕೊಳ್ಳುವವರು ಏನು ಮಾಡಬಹುದು?

* ಕೈಮಗ್ಗದ ಸೀರೆ ಎಂದು ಹೇಳಿ ಮಾರಿದರೆ 2006ರಿಂದ ಜಾರಿಯಲ್ಲಿರುವ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ ಇದೆಯೇ ಎಂದು ಕೇಳಿ.

* ಅಪ್ಪಟ ರೇಷ್ಮೆ ಎಂದರೆ ‘ಸಿಲ್ಕ್ ಮಾರ್ಕ್’ ನೋಡಿ. ಸಿಲ್ಕ್ ಮಾರ್ಕ್ ನೂಲು ರೇಷ್ಮೆಯದ್ದೇ ಎಂದು ಹೇಳುತ್ತದೆ, ಕೈಮಗ್ಗದಲ್ಲಿ ನೇಯ್ದದ್ದು ಎಂದಲ್ಲ. ಎರಡನ್ನೂ ಒಂದೇ ಎಂದು ಭಾವಿಸಬೇಡಿ.

* ವಿದ್ಯುತ್ ಮಗ್ಗದ ಸೀರೆ ಕೊಳ್ಳುವುದು ತಪ್ಪಲ್ಲ. ಅದನ್ನು ಕೈಮಗ್ಗದ ಬೆಲೆಗೆ, ಕೈಮಗ್ಗದ ಹೆಸರಿನಲ್ಲಿ ಮಾರುವುದು ತಪ್ಪು. ಬಿಲ್‌ನಲ್ಲಿ ಏನು ಬರೆದಿದ್ದಾರೆ ಎಂದು ಓದಿ.

* ಮನೆಯಲ್ಲಿ ಅಜ್ಜಿಯ ಕಾಲದ ಕೀ ಕೊಡುವ ಸಂಗೀತ ಪೆಟ್ಟಿಗೆಯೋ ಗೊಂಬೆಯೋ ಇದ್ದರೆ, ಬಹುಕಾಲ ನಿಂತಿದ್ದದ್ದಕ್ಕೆ ಒಮ್ಮೆಲೇ ಕೀ ಕೊಡಬೇಡಿ. ಎಣ್ಣೆ ಗಟ್ಟಿಯಾಗಿ, ತಿದಿಯ ಚರ್ಮ ಒಣಗಿರುತ್ತದೆ. ಸ್ಪ್ರಿಂಗ್ ರಭಸಕ್ಕೆ ಉರುಳೆಯ ಮೊಳೆಗಳೂ ಬಾಚಣಿಗೆಯ ಹಲ್ಲುಗಳೂ ಮುರಿದರೆ ಹಾಡು ಶಾಶ್ವತವಾಗಿ ಹೋದಂತೆ. ಹಳೆಯ ಗಡಿಯಾರ ದುರಸ್ತಿ ಬಲ್ಲವರಿಗೆ ಮೊದಲು ತೋರಿಸಿ.

ಇಂಥ ಕೌತುಕವನ್ನು ಕಣ್ಣಾರೆ ನೋಡಬೇಕೆಂದರೆ ಪ್ಯಾರಿಸ್‌ಗೆ ಹೋಗಬೇಕೆಂದೇನಿಲ್ಲ. ಹೈದರಾಬಾದ್‌ನ ಸಾಲಾರ್ ಜಂಗ್ ಮ್ಯೂಸಿಯಂನ ಸಂಗೀತ ಗಡಿಯಾರದಲ್ಲಿ ಪ್ರತಿ ಗಂಟೆಗೂ ಗಡ್ಡದ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುತ್ತದೆ. ಅದು ಫ್ರೆಂಚ್ ಅಲ್ಲ, ಕೋಲ್ಕತ್ತದ ಕುಕ್ ಅಂಡ್ ಕೆಲ್ವಿ ಕಂಪನಿಯ ಗಡಿಯಾರ. ಆದರೂ ಒಳಗಿರುವುದು ಅದೇ ಹಳೆಯ ಮಾತು: ಯಾರೋ ಬಲ್ಲವರು ಎಂದೋ ಬರೆದಿಟ್ಟ ಆದೇಶ, ಅದನ್ನು ತಪ್ಪದೆ ಪಾಲಿಸುವ ಒಂದು ಚಕ್ರ.